ಜಟ್ಟು ಉಸಿರು ಬಿಟ್ಟದ್ದು

ಇದು ಸುಳ್ಳು ಅನ್ನೋ ಧೈರ್ಯ ಇದ್ದವರು ಈಗಲೇ ಎದ್ದು ನಿಲ್ಲಿ. ನಮ್ಮ ಶೇಡಿಕೇರಿಗೆ ಬನ್ನಿ, ದೋಣಿ ಕಟ್ಟುವ ಜೆಟ್ಟಿಯ ಮೇಲೆ ಸಾಕ್ಷಿ ಕೂತಿದೆ, ತೋರಿಸುತ್ತೇನೆ. ನನ್ನನ್ನು ಯಾರು ಅಂದುಕೊಂಡಿರಿ? ಒಂದೇ ದಮ್ಮಿಗೆ ಆರಾಳು ನೀರಿಗೆ ಮುಳುಗಿ ಹಿಡಿ ಮರಳು ತರುವವನು ನಾನು. ನನಗಿಂತ ಚೆನ್ನಾಗಿ ದೋಣಿ ನಡೆಸುವವನು ಈ ಕರಾವಳಿಯಲ್ಲಿ ಇನ್ನೂ ಹುಟ್ಟಿಲ್ಲ. ಅಂಥವನು ಸುಳ್ಳು ಹೇಳುತ್ತಾನಾ?

ನಮ್ಮೂರಲ್ಲಿ ಮೀನು ಮಾರುವ ಬೀರಮ್ಮ. ಅವಳಿಗೆ ಒಬ್ಬನೇ ಮಗ, ಜಟ್ಟು. ಮೈ ನೋಡಿದರೆ ತೆಂಗಿನ ಮರ, ತಲೆ ನೋಡಿದರೆ ನೀರಿಲ್ಲದ ಎಳನೀರು. "ಬಾಗಿಲು ನೋಡ್ಕೊಂಡಿರು" ಅಂದರೆ ಬಾಗಿಲನ್ನೇ ನೋಡುತ್ತ ಕೂತ. ಬೆಕ್ಕು ಕಿಟಕಿಯಲ್ಲಿ ಬಂದು ಬುಟ್ಟಿ ಖಾಲಿ ಮಾಡಿ ಹೋಯಿತು.

ಬೀರಮ್ಮ ಹಣೆ ಚಚ್ಚಿಕೊಂಡಳು. "ಕೇಳೋ ಜಟ್ಟು! ಇನಾಸಣ್ಣನಿಗೆ ಹೇಳಿ ಹೇಳಿ ನಿನಗೊಂದು ಕೆಲಸ ಕೊಡಿಸಿದ್ದೇನೆ. ಇದೂ ಹೋಯ್ತೋ, ಘಟ್ಟದ ಮೇಲೆ ಮಾವನ ಮನೆಗೆ ಎಮ್ಮೆ ಕಾಯೋಕೆ ಕಳಿಸ್ತೇನೆ!"

"ಅಲ್ಲಿ ಸಮುದ್ರ ಇಲ್ವಾ ಅವ್ವಿ?"

"ಇಲ್ಲ!"

"ಒಂಚೂರೂ ಇಲ್ವಾ?"

"ಒಂದು ಕೆರೆ ಇದೆ. ಅದರೊಳಗೆ ಎಮ್ಮೆ ಇದೆ!"

ಜಟ್ಟು ಅತ್ತೇ ಬಿಟ್ಟ. ಅಲೆಯ ಸದ್ದು ಕೇಳದಿದ್ದರೆ ಅವನಿಗೆ ನಿದ್ದೆಯೇ ಬರುವುದಿಲ್ಲ.

ಇನಾಸಣ್ಣನ ಕಸುಬು ಏನೆಂದರೆ, ಬಂದ ಪ್ರವಾಸಿಗರಿಗೆ ಕೊಕ್ಕರೆ ನಡುಗಡ್ಡೆಯ ಬುಡದ ಹವಳದ ದಿಬ್ಬ ತೋರಿಸುವುದು. ನೋಡುವುದಕ್ಕೂ ಬಗೆಬಗೆ ದಾರಿ. ನೀರಿಗೆ ಹೆದರುವವರಿಗೆ ತಳಕ್ಕೆ ಗಾಜು ಕೂರಿಸಿದ ದೋಣಿ. ಅರ್ಧ ಧೈರ್ಯದವರಿಗೆ ಬಾಯಲ್ಲಿ ಕಚ್ಚಿ ತೇಲುವ ಉಸಿರುಕೊಳವೆ. ಪೂರಾ ಧೈರ್ಯದವರಿಗೆ ಹಂಡೆಯಷ್ಟು ದೊಡ್ಡ ಗಾಜಿನ ಟೋಪಿ. ಅದನ್ನು ಹೊತ್ತರೆ ಮುಡಿದ ಹೂವೂ ನೆನೆಯದ ಹಾಗೆ ಸಮುದ್ರದ ತಳದಲ್ಲಿ ಸಂತೆಗೆ ಹೊರಟವರಂತೆ ನಡೆಯಬಹುದು. ದೋಣಿ ನಡೆಸುವವನು ಯಾರು? ನಾನೇ, ಮತ್ಯಾರು!

ಮೊದಲ ದಿನ ಇನಾಸಣ್ಣ ಹೇಳಿದ, "ಜಟ್ಟು, ದೋಣಿಯ ಗಾಜು ಉಜ್ಜು. ಹೇಗಿರಬೇಕು ಅಂದರೆ, ಅಲ್ಲಿ ಗಾಜಿದೆ ಅಂತಲೇ ಗೊತ್ತಾಗಬಾರದು!"

ಜಟ್ಟು ಉಜ್ಜಿದ. ನೋಡಿದ. ಗಾಜಿದೆ ಅಂತ ಗೊತ್ತಾಗುತ್ತಿತ್ತು. ಮತ್ತೆ ಉಜ್ಜಿದ. ಮತ್ತೆ ನೋಡಿದ. ಇನ್ನೂ ಗೊತ್ತಾಗುತ್ತಿತ್ತು. ಪಾನಾ ತಂದ, ಒಂದೊಂದೇ ತಿರುಪು ಬಿಚ್ಚಿದ, ಗಾಜನ್ನೇ ಎತ್ತಿದ.

ದೋಣಿ ಜೆಟ್ಟಿಯ ಬುಡದಲ್ಲೇ ಗುಳುಗುಳು ಕೂತಿತು. ಎದೆಮಟ್ಟದ ನೀರಲ್ಲಿ ಗಾಜು ಹೊತ್ತು ನಿಂತ ಜಟ್ಟು ಕೂಗಿದ, "ಇನಾಸಣ್ಣ, ಈಗ ಬಂದು ನೋಡು! ಗಾಜಿದೆ ಅಂತ ಯಾರಿಗಾದ್ರೂ ಗೊತ್ತಾಗ್ತದಾ?"

"ಅಯ್ಯೋ ಪೆದ್ದ ಮುಂಡೇದೆ!" ಇನಾಸಣ್ಣ ತಲೆಯ ಮೇಲೆ ಕೈ ಹೊತ್ತ. "ತೂತು ಕಂಡರೆ ಮುಚ್ಚಬೇಕೋ, ಮಾಡಬಾರದು!"

"ಇಷ್ಟೇನಾ? ಮುಚ್ತೇನೆ!" ಅಂದ ಜಟ್ಟು.

ಮರುದಿನ ಉಸಿರುಕೊಳವೆಗಳನ್ನು ಜೋಡಿಸಿಡುವ ಕೆಲಸ. ಜಟ್ಟು ಒಂದನ್ನು ಎತ್ತಿ ನೋಡಿದ. ತುದಿಯಲ್ಲಿ ತೂತು! ಇನ್ನೊಂದು ನೋಡಿದ. ಅದಕ್ಕೂ ತೂತು! "ಎಲ್ಲ ಹಾಳಾಗಿದೆಯಲ್ಲ ಮಾರಾಯ" ಎಂದುಕೊಂಡು ದೋಣಿಯ ಬಿರುಕಿಗೆ ತುಂಬುವ ನಾರು, ರಾಳ ತಂದು ಹದಿನೆಂಟೂ ಕೊಳವೆಗಳ ಬಾಯಿ ಬಿಗಿಯಾಗಿ ಮುಚ್ಚಿದ.

ಹಾವೇರಿಯ ರಿಟೈರಾದ ಹೆಡ್ಮಾಸ್ತರು ಮೊದಲು ಇಳಿದರು. ಒಂದೇ ನಿಮಿಷಕ್ಕೆ ಕೆಂಪು ಮೂಲಂಗಿಯಾಗಿ ಎದ್ದರು. "ಯಾರಲೇ ಇದನ್ನ ಮುಚ್ಚಿದವ? ಬೆಂಚಿನ ಮ್ಯಾಲೆ ನಿಲ್ಲಿಸ್ತೀನಿ!"

ಜಟ್ಟು ಪ್ರಾಮಾಣಿಕ. ತಾನೇ ಹೋಗಿ ಬೆಂಚಿನ ಮೇಲೆ ನಿಂತ.

ಇನಾಸಣ್ಣ ಹಲ್ಲು ಕಡಿದ. "ಲೋ ಜಟ್ಟು! ಈ ಜನ ನಮ್ಮನ್ನ ನಂಬಿ ನೀರಿಗೆ ಇಳೀತಾರೆ. ಏನೇ ಆಗಲಿ, ಅವರ ಕೈ ಬಿಡಬಾರದು. ತಿಳೀತಾ?"

"ಇಷ್ಟೇನಾ? ಬಿಡೋದಿಲ್ಲ!"

ಮೂರನೇ ದಿನ ಗದಗಿನ ಬಟ್ಟೆ ಅಂಗಡಿಯ ಸಾವಕಾರರು ಗಾಜಿನ ಟೋಪಿ ಹಾಕಿ ತಳಕ್ಕಿಳಿದರು. ಜಟ್ಟುವೂ ಟೋಪಿ ಹಾಕಿದ. ಅವರ ಕೈ ಹಿಡಿದ. ಹವಳ ನೋಡಿದರು, ಕೈ ಬಿಡಲಿಲ್ಲ. ಬಣ್ಣದ ಮೀನು ನೋಡಿದರು, ಕೈ ಬಿಡಲಿಲ್ಲ. ದಡಕ್ಕೆ ಬಂದರು, ಕೈ ಬಿಡಲಿಲ್ಲ. ಸಾವಕಾರರು ಎಡಗೈಯಲ್ಲಿ ಊಟ ಮಾಡಿದರು, ಬಲಗೈ ಜಟ್ಟುವಿನ ಹತ್ತಿರ ಇತ್ತಲ್ಲ! "ಬಿಡೋ ತಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ" ಅಂದರು. "ಕಾಲಿಗೆ ಬೇಕಾದ್ರೆ ಬೀಳಿ, ಕೈ ಮಾತ್ರ ಬಿಡೋದಿಲ್ಲ" ಅಂದ. ಬಸ್ಸು ಹತ್ತಿದರು, ಇವನೂ ಹತ್ತಿದ. ಬಸ್ಸು ಘಟ್ಟ ಹತ್ತಿತು, ಇವನೂ ಹತ್ತಿದ. ಕೊನೆಗೆ ಕಂಡಕ್ಟರು ಕಂಕುಳಿಗೆ ಕಚಗುಳಿ ಇಟ್ಟು ಕೈ ಬಿಡಿಸಿ, ಯಲ್ಲಾಪುರದಲ್ಲಿ ಇಳಿಸಿ, ಎದುರು ಬಂದ ಬಸ್ಸಿಗೆ ತುಂಬಿದ.

ಇನಾಸಣ್ಣನಿಗೆ ಬೈಯಲೂ ತ್ರಾಣ ಇರಲಿಲ್ಲ. "ನೋಡು ಜಟ್ಟು. ನಾಳೆ ಮೈಸೂರಿಂದ ಅಂಬುಜಾಕ್ಷಿ ಮೇಡಂ ಬರ್ತಾರೆ. ಗುಂಪು ಗುಂಪಾಗಿ ಪ್ರವಾಸಿಗರನ್ನ ಕರ್ಕೊಂಡು ಬರೋರು. ಅವರು ಒಪ್ಪಿದರೆ ನಾವು ಉಳಿದ್ವಿ, ಒಪ್ಪದಿದ್ದರೆ ಅಂಗಡಿ ಬಂದ್, ನೀನು ಎಮ್ಮೆ ಹಿಂದೆ! ಇಲ್ಲಿ ಆದದ್ದರ ಬಗ್ಗೆ ಉಸಿರು ಬಿಡಬೇಡ!"

ಜಟ್ಟು ಅಲ್ಲೇ ಉಸಿರು ಕಟ್ಟಿದ. ಕೆನ್ನೆ ಬೋಂಡಾ ಆಯಿತು, ಕಣ್ಣು ಸಿಗಡಿಯ ಕಣ್ಣಿನಂತೆ ಹೊರಗೆ ಬಂತು. ಹಾಗೇ ಮನೆಗೆ ಓಡಿದ. ಬೀರಮ್ಮ ಬೆನ್ನಿಗೆ ಗುದ್ದಿದ ಮೇಲೇ ಬುಸ್ ಅಂದ.

ಸಂಗತಿ ಕೇಳಿ ಬೀರಮ್ಮ ಮತ್ತೆ ಹಣೆ ಚಚ್ಚಿಕೊಂಡಳು. "ಲೋ ಮಂಕೇ! ಉಸಿರು ಬಿಡೋದು ಅಂದ್ರೆ ಒಳಗಿದ್ದ ಗುಟ್ಟು ಹೇಳೋದು ಕಣೋ! ಮೂಗಿಂದಲ್ಲ, ಬಾಯಿಂದ!"

"ಓಹೋ! ಹಾಗೆ ಮೊದಲೇ ಹೇಳ್ಬಾರ್ದಾ?"

ಮೇಡಂ ಬಂದರು. ದಪ್ಪ ಕನ್ನಡಕ, ಕೈಯಲ್ಲಿ ನೋಟ್‌ಬುಕ್ಕು. ಮೇಲೆತ್ತಿ ಮತ್ತೆ ಗಾಜು ಕೂರಿಸಿದ ದೋಣಿ ನೋಡಿ "ಪರವಾಗಿಲ್ಲ" ಅಂದರು. ಕೊಳವೆ ನೋಡಿ "ಪರವಾಗಿಲ್ಲ" ಅಂದರು. ಜಟ್ಟು ಬಾಯಿಗೆ ಬೀಗ ಹಾಕಿದಂತೆ ನಿಂತಿದ್ದ. ಇನಾಸಣ್ಣ ನನ್ನತ್ತ ನೋಡಿ ಕಣ್ಣು ಹೊಡೆದ. ಗೆದ್ದೆವು ಅಂತಲೇ ಲೆಕ್ಕ.

ಟೋಪಿ ಹಾಕುವ ಮೊದಲು ಉಸಿರಾಟ ಕಲಿಸಬೇಕಲ್ಲ. ಇನಾಸಣ್ಣ ಎದೆಯುಬ್ಬಿಸಿ ನಿಂತ. "ಮೇಡಂ, ನಿಧಾನವಾಗಿ ಉಸಿರು ಎಳೀರಿ. ಹಾಂ. ಈಗ ಉಸಿರು ಬಿಡಿ!"

"ದೋಣಿ ಮುಳುಗಿಸಿದ್ದು ನಾನು!" ಅಂದ ಜಟ್ಟು.

ಇನಾಸಣ್ಣ ಕೆಮ್ಮಿದ. "ಅದು... ಗಮನ ಕೊಡಬೇಡಿ. ಎಳೀರಿ... ಬಿಡಿ!"

"ಹೆಡ್ಮಾಸ್ತರ ಕೊಳವೆ ಮುಚ್ಚಿದ್ದು ನಾನು! ನಾರು, ರಾಳ ಎರಡೂ ಹಾಕಿ!"

"ಜಟ್ಟೂ!"

"ಬಿಡಿ ಅಂದೆಯಲ್ಲ ಇನಾಸಣ್ಣ! ಇನ್ನೂ ಒಂದಿದೆ. ಸಾವಕಾರರನ್ನ ಯಲ್ಲಾಪುರದ ತನಕ ಹಿಡ್ಕೊಂಡು ಹೋದದ್ದೂ ನಾನೇ! ಈಗ ಒಳಗೆ ಏನೂ ಇಲ್ಲ. ಪೂರಾ ಬಿಟ್ಟೆ!"

ಮೇಡಂ ಕನ್ನಡಕ ತೆಗೆದರು. ಒರೆಸಿದರು. ಆಮೇಲೆ ನಗಲು ಶುರುಮಾಡಿದರು ನೋಡಿ, ನೋಟ್‌ಬುಕ್ಕು ನೀರಿಗೆ ಬಿತ್ತು. ಹಾರಿ ತೆಗೆದುಕೊಟ್ಟವನು ನಾನೇ.

"ನಲವತ್ತು ಜನ ಕರ್ಕೊಂಡು ಬರ್ತೀನಿ" ಅಂದರು ಮೇಡಂ. "ನೀವು ಮುಚ್ಚಿಟ್ಟದ್ದೆಲ್ಲ ಹೊರಗೆ ಬಂತಲ್ಲ, ಇನ್ನು ನಿಮ್ಮನ್ನ ನಂಬಬಹುದು. ಆದರೆ ಈ ಮಹಾನುಭಾವ ನಮ್ಮ ಟೋಪಿ, ಕೊಳವೆ, ಕೈ ಯಾವುದನ್ನೂ ಮುಟ್ಟಕೂಡದು!"

ಅವರು ಹೋದದ್ದೇ ತಡ, ಇನಾಸಣ್ಣ ಗುಡುಗಿದ. "ನಡಿಯೋ! ಇನ್ನು ಮೇಲೆ ಸಮುದ್ರದ ಕಡೆ ಮುಖ ಹಾಕಬೇಡ!"

ಬೀರಮ್ಮ ಅಳುತ್ತಲೇ ಮಗನ ಬಟ್ಟೆ ಗಂಟು ಕಟ್ಟಿದಳು. ಬೆಳಗಾಯಿತು. ಘಟ್ಟದ ಬಸ್ಸು ಬಂತು, ಹಾರ್ನ್ ಹೊಡೆಯಿತು, ಹೋಯಿತು. ಜಟ್ಟು ಎಲ್ಲಿ?

ಜೆಟ್ಟಿಯ ಮೇಲೆ! ದಿನದ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುತ್ತಿದ್ದಾನೆ. ಮುಖ ಊರ ಕಡೆ, ಬೆನ್ನು ಸಮುದ್ರದ ಕಡೆ, ಹಿಂದಹಿಂದಕ್ಕೆ ಹೆಜ್ಜೆ. ಮೀನಿನ ಬುಟ್ಟಿಗೆ ಢಿಕ್ಕಿ ಹೊಡೆದ, ನನಗೆ ಢಿಕ್ಕಿ ಹೊಡೆದ, ಇನಾಸಣ್ಣನಿಗೂ ಹೊಡೆದು ಅವನನ್ನು ನೀರಿಗೆ ಕೆಡವಿ, ಹಿಂತಿರುಗಿ ನೋಡದೆ ಕೇಳಿದ, "ಇನಾಸಣ್ಣ, ಎಲ್ಲಿದ್ದೀಯೋ? ನಾನು ಮುಖ ಹಾಕಲಿಲ್ಲ ನೋಡು!"

ಇನಾಸಣ್ಣ ನೀರಲ್ಲೇ ತೇಲುತ್ತ ಬಹಳ ಹೊತ್ತು ಯೋಚಿಸಿದ.

ಕೊನೆಗೆ ಜಟ್ಟುವಿಗೆ ಕೊಟ್ಟದ್ದು, ಬಂದವರ ಚಪ್ಪಲಿ ಕಾಯುವ ಕೆಲಸ, ಮತ್ತು ಸಮುದ್ರಕ್ಕೆ ಬೆನ್ನು ಮಾಡಿ ಕೂರಲು ಒಂದು ಸ್ಟೂಲು.