ಅಳಿಯನನ್ನು ಮೀನು ಹಿಡಿಯಲು ಕರೆದೊಯ್ದ ವ್ಯಾಪಾರಿ

“ಅಮ್ಮ, ಹೇಳಲು ಕಷ್ಟವಾದ ಮಾತನ್ನು ಹೇಳುವುದಕ್ಕೆ ಸರಿಯಾದ ಸಮಯ ಯಾವುದು?” ಎಂದು ಮಂದಾಕಿನಿ ಕೇಳಿದಳು.

ಆಕೆ ಆಶ್ರಮಕ್ಕೆ ಸೇರುವಾಗ ತನ್ನನ್ನು ಸಾಕಿದ ಅಕ್ಕನಿಗೆ ಒಂದು ಮಾತೂ ಹೇಳದೆ ಬಂದಿದ್ದಳು. ಈಗ ಹೋಗಿ ಕ್ಷಮೆ ಕೇಳಬೇಕೆಂದಿತ್ತು. ಹಬ್ಬದಲ್ಲಿ ಹೋದರೆ ಮನೆ ತುಂಬ ಜನ. ಹಬ್ಬ ಕಳೆದ ಮೇಲೆ ಹೋದರೆ ಅಕ್ಕ ಕಳೆ ಕೀಳಲು ಹೊಲದಲ್ಲಿರುತ್ತಾಳೆ. ಇದನ್ನೆಲ್ಲ ಆಕೆ ಗುರುಮಾತೆಗೆ ವಿವರಿಸಿ ಹೇಳಿದಳು.

ಗುರುಮಾತೆ ಕೇಳಿಸಿಕೊಂಡು, “ಮೀನು ಹಿಡಿಯುವವರ ಕತೆಯೊಂದಿದೆ, ಹೇಳಲೇ?” ಎಂದರು.

“ಆಶ್ರಮದಲ್ಲಿ ಮೀನಿನ ಕತೆಯೇ, ಅಮ್ಮ?”

“ಕತೆಯ ಮೀನಿಗೆ ಮುಳ್ಳಿರುವುದಿಲ್ಲ. ಕುಳಿತುಕೋ.”

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಏನೇ ಕೆಲಸ ಹಿಡಿದರೂ ಮುಂಚೆಯೇ ಏರ್ಪಾಡು ಮಾಡದೆ ಅವನು ಹೆಜ್ಜೆ ಇಡುತ್ತಿರಲಿಲ್ಲ. ಅವನ ಮಗಳು ಗಂಡನೊಡನೆ ಮುನಿಸಿಕೊಂಡು ತವರಿಗೆ ಬಂದಿದ್ದಳು. ಜಗಳ ದೊಡ್ಡದಲ್ಲ. ಆದರೆ ಮುನಿದು ಬಂದ ಹೆಂಡತಿಯನ್ನು ಗಂಡನೇ ಬಂದು ಕರೆಯಬೇಕು. ಅವನು ಕರೆಯದೆ ಅವಳು ಹೋಗುವಂತಿಲ್ಲ. ಮಾವನ ಮನೆಯಿಂದ ಹೇಳಿಕಳಿಸದೆ ಅಳಿಯ ಬರುವಂತಿಲ್ಲ. ಅದು ಅಲ್ಲಿಯವರ ರೂಢಿ. ಅವನು ಕರೆದರೆ ಆ ಕ್ಷಣವೇ ಹೊರಡುತ್ತೇನೆಂದು ಮಗಳು ತಾಯಿಯ ಹತ್ತಿರ ಹೇಳಿದ್ದಳು. ತಾಯಿ ಅದನ್ನು ವ್ಯಾಪಾರಿಗೆ ತಿಳಿಸಿದಳು.

ಅಳಿಯನಿಗೆ ಗಾಳ ಹಾಕುವುದೆಂದರೆ ಪ್ರಾಣ. ಅವನನ್ನು ಮೀನು ಹಿಡಿಯಲು ಕರೆದು, ಅವನ ಮನಸ್ಸು ಹಗುರಾದಾಗ ಮಗಳ ವಿಷಯ ಎತ್ತುವುದೆಂದು ವ್ಯಾಪಾರಿ ತೀರ್ಮಾನಿಸಿದ.

ಏರ್ಪಾಡು ಶುರುವಾಯಿತು. ಬೆಳಗ್ಗೆ ಊರಿನ ದೊಡ್ಡಕೆರೆ. ಅಲ್ಲಿ ಜಿಲೇಬಿ ಮೀನು ಸುಲಭವಾಗಿ ಸಿಗುತ್ತದೆ. ಅಳಿಯನ ಕೈ ಪಳಗುತ್ತದೆ. ಬಿಸಿಲೇರುವ ಹೊತ್ತಿಗೆ ತಾವರೆಕೆರೆ. ಅಲ್ಲಿ ಏರಿಯ ಮೇಲೆ ಮರಗಳಿವೆ, ನೆರಳಲ್ಲಿ ಊಟ. ಇಳಿಹೊತ್ತಿಗೆ ನದಿಯ ಮಡು. ಅಲ್ಲಿ ದೊಡ್ಡ ಬಾಳೆಮೀನುಗಳಿವೆ. ದೊಡ್ಡ ಮೀನು ಕೈಗೆ ಬಂದಾಗ ಮನುಷ್ಯ ಯಾರ ಮಾತಿಗೂ ಇಲ್ಲವೆನ್ನುವುದಿಲ್ಲ. ಮಗಳ ಮಾತು ಅಲ್ಲಿಗೆ ಎಂದು ಅವನು ನಿಶ್ಚಯಿಸಿದ.

ಕೆರೆಗಳ ಮೀನನ್ನು ಗುತ್ತಿಗೆ ಹಿಡಿದವನ ಒಪ್ಪಿಗೆ ಪಡೆದ. ಹೊಸ ಗಾಳದ ಕೋಲುಗಳನ್ನು ತರಿಸಿದ. ತೆಂಗಿನ ಚಿಪ್ಪಿನಲ್ಲಿ ಹಸಿಮಣ್ಣು ತುಂಬಿ ಎರೆಹುಳು ಸಾಕಿದ. ರಾಗಿಹಿಟ್ಟಿಗೆ ಕಡಲೆಕಾಯಿ ಹಿಂಡಿ ಕಲಸಿ ಉಂಡೆ ಕಟ್ಟಿಸಿದ. ಮೀನು ಅಲ್ಲಿಯೇ ನಿಲ್ಲಲೆಂದು ಆಳು ಕಳಿಸಿ ಮಡುವಿಗೆ ದಿನವೂ ತೌಡು ಹಾಕಿಸಿದ. ಅಳಿಯನಿಗೆ ಕುಳಿತುಕೊಳ್ಳಲು ಯಾವ ಬಂಡೆ ಎಂಬುದನ್ನೂ ಹೋಗಿ ಗೊತ್ತುಮಾಡಿ ಬಂದ.

“ಇಷ್ಟೆಲ್ಲ ಯಾಕೆ? ಅವರ ಮನೆಗೆ ಹೋಗಿ, ‘ಬಂದು ಕರೆದುಕೊಂಡು ಹೋಗಪ್ಪ’ ಎಂದು ಒಂದು ಮಾತು ಹೇಳಿ ಬರಬಾರದೇ?” ಎಂದಳು ಹೆಂಡತಿ.

“ನಿನಗೆ ತಿಳಿಯುವುದಿಲ್ಲ, ಸುಮ್ಮನಿರು. ಮಾತಿಗೆ ಸಮಯ ಸಂದರ್ಭ ಬೇಡವೇ?”

“ಎರೆ ಕಟ್ಟುತ್ತಿರುವುದು ಮೀನಿಗೋ ಅಳಿಯನಿಗೋ, ಅದನ್ನಾದರೂ ಹೇಳಿ” ಎಂದು ಅವಳು ಒಳಗೆ ಹೋದಳು.

ಬರಹೇಳಿದ್ದ ದಿನ ಅಳಿಯ ಹೊತ್ತಿಗೆ ಮುಂಚೆಯೇ ದೊಡ್ಡಕೆರೆಗೆ ಬಂದು ನಿಂತಿದ್ದ. ವ್ಯಾಪಾರಿಗೆ ಸಮಾಧಾನವಾಯಿತು. ಎಲ್ಲವೂ ಎಣಿಸಿದಂತೆ ನಡೆಯಿತು. ಜಿಲೇಬಿ ಮೀನು ಒಂದರ ಹಿಂದೆ ಒಂದು ಬಂತು. ಬಿಸಿಲೇರುವ ಹೊತ್ತಿಗೆ ಇಬ್ಬರೂ ತಾವರೆಕೆರೆಯ ಏರಿಯ ಮೇಲಿದ್ದರು.

ವ್ಯಾಪಾರಿ ಬುತ್ತಿ ಬಿಚ್ಚಿದ. ಅಳಿಯ ರೊಟ್ಟಿಯನ್ನು ಹುಚ್ಚೆಳ್ಳು ಚಟ್ನಿಗೆ ಅದ್ದಿ ಬಾಯಿಗಿಟ್ಟುಕೊಂಡ. ಒಂದು ಗಳಿಗೆ ಅಗಿಯುವುದನ್ನು ನಿಲ್ಲಿಸಿದ.

“ಮಾವ, ಚಟ್ನಿಗೆ ಇಷ್ಟು ಬೆಳ್ಳುಳ್ಳಿ ಹಾಕುವವಳು ಅವಳೊಬ್ಬಳೇ. ಬುತ್ತಿ ಕಟ್ಟಿದ್ದು ಅವಳೇನು?”

ಕಟ್ಟಿದ್ದು ಅವಳೇ. ಬೆಳಕು ಹರಿಯುವ ಮೊದಲೇ ಎದ್ದು, ತಾಯಿಯನ್ನು ಒಲೆಯ ಹತ್ತಿರ ಬರಗೊಡದೆ ಕಟ್ಟಿದ್ದಳು. ಅದನ್ನು ವ್ಯಾಪಾರಿ ಕಣ್ಣಾರೆ ಕಂಡಿದ್ದ. ಹೇಳಲು ಬಾಯಿ ತೆರೆದ. ಅಷ್ಟರಲ್ಲಿ, ಇದು ಇಲ್ಲಿಯ ಮಾತಲ್ಲ, ಮಡುವಿನ ಮಾತು ಎಂದು ನೆನಪಾಯಿತು. ಈಗ ಅರ್ಧ ಹೇಳಿದರೆ ಅಲ್ಲಿ ಹೇಳುವುದು ಸಪ್ಪೆಯಾಗುತ್ತದೆ.

“ಯಾರೋ ಮನೆಯವರು ಕಟ್ಟಿದರು. ನೀವು ಊಟ ಮಾಡಿ, ಅಳಿಯಂದಿರೇ. ನದಿಗೆ ಹೊತ್ತಾಗುತ್ತದೆ” ಎಂದ.

ಅಳಿಯ ತಲೆ ತಗ್ಗಿಸಿ ಉಂಡ. ಚಟ್ನಿಯನ್ನು ಮತ್ತೆ ಹಾಕಿಸಿಕೊಳ್ಳಲಿಲ್ಲ.

ಮಡುವಿನಲ್ಲಿ ನೀರು ತಿಳಿಯಾಗಿತ್ತು. ಗೊತ್ತುಮಾಡಿದ ಬಂಡೆಯ ಮೇಲೆ ಅಳಿಯ ಕುಳಿತ. ಗಾಳ ಬಿಟ್ಟ. ಬೆಂಡು ನೀರಿನ ಮೇಲೆ ನಿಂತಿತು. ಇಬ್ಬರೂ ಅದನ್ನೇ ನೋಡುತ್ತ ಬಹಳ ಹೊತ್ತು ಕುಳಿತರು. ಅಳಿಯ ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ಮಾವ, ಅವಳು ಹೇಗಿದ್ದಾಳೆ? ನಾನು ಬಂದರೆ…”

ಅದೇ ಗಳಿಗೆಯಲ್ಲಿ ಬೆಂಡು ಅಲುಗಿತು. ವ್ಯಾಪಾರಿ ಬಾಯಿಯ ಮೇಲೆ ಬೆರಳಿಟ್ಟ.

“ಶ್! ಮೀನು ಮುಟ್ಟುತ್ತಿದೆ. ಈಗ ಮಾತು ಬೇಡ.”

ಅಳಿಯ ಬೆಂಡಿನ ಕಡೆ ತಿರುಗಿದ. ಬೆಂಡು ಮುಳುಗಿತು. ಅವನು ಕೋಲನ್ನು ಎಳೆದು ಹಿಡಿದ, ಸಡಿಲಬಿಟ್ಟ, ಮತ್ತೆ ಎಳೆದ. ಕೊನೆಗೆ ಮೀನು ದಡಕ್ಕೆ ಬಂತು. ತೋಳಿನಷ್ಟು ಉದ್ದದ ಬಾಳೆಮೀನು. ವ್ಯಾಪಾರಿ ತನ್ನ ಏರ್ಪಾಡನ್ನು ತಾನೇ ಮೆಚ್ಚಿಕೊಂಡ. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ದಿನಗಟ್ಟಲೆ ಮನಸ್ಸಿನಲ್ಲಿ ಹೇಳಿಕೊಂಡಿದ್ದ ಮಾತನ್ನು ಒಂದಕ್ಷರ ತಪ್ಪದೆ ಹೇಳಿದ.

“ಅಳಿಯಂದಿರೇ, ಆದದ್ದು ಆಯಿತು. ಮನೆಗೆ ಬನ್ನಿ. ನಿಮ್ಮ ಹೆಂಡತಿಯನ್ನು ನೀವೇ ಕರೆದುಕೊಂಡು ಹೋಗಿ.”

ಅಳಿಯ ಮೀನಿನ ಬಾಯಿಂದ ಗಾಳ ಬಿಡಿಸುತ್ತಿದ್ದ. ಬಿಡಿಸಿ, ಮೀನನ್ನು ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಮಾವನ ಮುಂದಿಟ್ಟ.

“ಬೇಡ ಮಾವ. ಬುತ್ತಿ ಅವಳು ಕಟ್ಟಿದಳೇ ಎಂದು ಕೇಳಿದೆ, ಯಾರೋ ಕಟ್ಟಿದರು ಎಂದಿರಿ. ಹೇಗಿದ್ದಾಳೆ ಎಂದು ಕೇಳಿದೆ, ಬಾಯಿ ಮುಚ್ಚಿಸಿದಿರಿ. ಅವಳಿಗೆ ಮನಸ್ಸಿಲ್ಲ ಎಂದು ನನಗೆ ಆಗಲೇ ತಿಳಿಯಿತು. ನೀವು ಹಿರಿಯರು, ನನ್ನ ಮುಖ ನೋಡಿ ಹೀಗೆ ಹೇಳುತ್ತಿದ್ದೀರಿ. ಮನಸ್ಸಿಲ್ಲದವಳನ್ನು ಎಳೆದುಕೊಂಡು ಹೋಗಿ ನಾನು ಏನು ಮಾಡಲಿ?”

ನೀರಿನಲ್ಲಿ ಕೈ ತೊಳೆದುಕೊಂಡು, ಮಾವನ ಕಾಲಿಗೆ ನಮಸ್ಕರಿಸಿ, ಅವನು ದಡ ಹತ್ತಿ ಹೊರಟುಹೋದ.

ವ್ಯಾಪಾರಿ ಬುಟ್ಟಿ ಹೊತ್ತು ಮನೆಗೆ ಬಂದ. ಮಗಳು ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಮೀನನ್ನು ಅವಳು ನೋಡಲಿಲ್ಲ. ಅಪ್ಪನ ಹಿಂದೆ ಇನ್ನು ಯಾರು ಬರುತ್ತಿದ್ದಾರೆಂದು ಬೀದಿಯನ್ನು ನೋಡಿದಳು.

ಗುರುಮಾತೆ ಕತೆ ನಿಲ್ಲಿಸಿದರು.

ಮಂದಾಕಿನಿಗೆ ತಡೆಯಲಾಗಲಿಲ್ಲ. “ಎಂಥ ಮನುಷ್ಯ, ಅಮ್ಮ! ಅಳಿಯನ ಹಿಂದೆಯೇ ಓಡಿಹೋಗಿ, ಬುತ್ತಿ ಕಟ್ಟಿದ್ದು ಅವಳೇ ಎಂದು ಕೂಗಿ ಹೇಳಬಹುದಿತ್ತಲ್ಲ?”

“ಹೇಳಬಹುದಿತ್ತು. ಆದರೆ ದಾರಿಯಲ್ಲಿ ಕೂಗಿ ಹೇಳುವ ಮಾತೇ ಅದು ಎಂದು ಅವನಿಗೆ ಅನಿಸಿತು. ಇನ್ನೊಂದು ಸಲ ಇದಕ್ಕಿಂತ ಚೆನ್ನಾಗಿ ಏರ್ಪಾಡು ಮಾಡೋಣ ಎಂದುಕೊಂಡ.”

“ಮಾಡಿದನೇ?”

“ಮಳೆಗಾಲ ಬಂತು. ಹೊಳೆ ತುಂಬಿತು. ನೀರು ಇಳಿಯಲಿ ಎಂದು ಕಾದ.”

“ಅಷ್ಟರಲ್ಲಿ ಆ ಹುಡುಗಿಯ ಗತಿ? ಅವನಿಗೆ ಬುದ್ಧಿ ಹೇಳುವವರು ಒಬ್ಬರೂ ಇರಲಿಲ್ಲವೇ?” ಎಂದು ಮಂದಾಕಿನಿ ಸಿಟ್ಟಿನಿಂದ ಕೇಳಿದಳು.

ಗುರುಮಾತೆ ಆಕೆಯ ಮುಖವನ್ನೇ ನೋಡಿ ಹೇಳಿದರು: “ನಿಮ್ಮೂರಿಗೆ ಊಟಕ್ಕೆ ಮೊದಲೇ ಒಂದು ಬಸ್ಸಿದೆ.”

ಮಂದಾಕಿನಿ ಚೀಲ ತರಲು ಎದ್ದಳು.