ಸೋಮವಾರದ ಎಣ್ಣೆ

"ಗುರುಗಳೇ, ಮಠದಲ್ಲಿ ಯಾರಿಗೂ ಕಾಯಿಲೆಯಿಲ್ಲದ ತಿಂಗಳಲ್ಲೂ ನಾವು ವೈದ್ಯರ ಮನೆಗೆ ಅಕ್ಕಿ ಕಳಿಸುವುದು ಏತಕ್ಕೆ?" ಎಂದು ಶಿಷ್ಯ ಕೇಳಿದ.

ಅವನು ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯ. ಊರಿನ ಸಹಾಯನಿಧಿಗೆ ಮಠ ತನ್ನ ಪಾಲು ಹೇಗೂ ಕೊಡುತ್ತಿದೆ, ಯಾರಾದರೂ ಮಲಗಿದರೆ ನಿಧಿಯವರೇ ವೈದ್ಯರನ್ನು ಕರೆಸುತ್ತಾರೆ, ಆ ಅಕ್ಕಿ ಉಳಿದರೆ ದಾಸೋಹಕ್ಕಾದರೂ ಆಗುತ್ತದೆ ಎಂಬುದು ಅವನ ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಗಾಣಿಗನಿದ್ದ. ಆ ಪೇಟೆಯ ಹಿರಿಯರು ಒಳ್ಳೆಯವರು. ಕಾಯಿಲೆಯಿಂದ ಯಾರ ಮನೆಯೂ ಮುರಿಯಬಾರದೆಂದು ಎಲ್ಲರಿಂದ ಪಾಲು ಕೂಡಿಸಿ ಒಂದು ನಿಧಿ ಮಾಡಿದ್ದರು. ಮೊದಮೊದಲು ನೆಗಡಿಯಾದವರು, ಉಗುರುಸುತ್ತಾದವರು, ಹೆಂಡತಿಯೊಡನೆ ಜಗಳವಾಡಿ ತಲೆನೋವು ತಂದುಕೊಂಡವರು ಎಲ್ಲರೂ ನಿಧಿಯ ಬಾಗಿಲಿಗೆ ಬಂದು ನಿಂತರು. ಹಿರಿಯರು ಬೇಸತ್ತು ಒಂದು ಕಟ್ಟಳೆ ಮಾಡಿದರು. ಹಾಸಿಗೆ ಹಿಡಿದವರಿಗೆ ಮಾತ್ರ ನಿಧಿಯ ನೆರವು. ನಿಧಿಯ ಪಾರುಪತ್ಯಗಾರ ಮನೆಗೆ ಬಂದು, ರೋಗಿ ಮಲಗಿರುವುದನ್ನು ಕಣ್ಣಾರೆ ಕಂಡು, ಆಮೇಲೆ ವೈದ್ಯನಿಗೆ ಹೇಳಿ ಕಳಿಸಬೇಕು.

ಅಂದಿನಿಂದ ಆ ಪೇಟೆಯ ಜನ ಮಲಗುವುದನ್ನು ಚೆನ್ನಾಗಿ ಕಲಿತರು. ಹಲ್ಲುನೋವಿನವನು ಗದ್ದದವರೆಗೆ ಕಂಬಳಿ ಹೊದ್ದು ಮಲಗಿದ. ಪಾರುಪತ್ಯಗಾರನ ಜೋಡಿನ ಸದ್ದು ಕೇಳಿದೊಡನೆ ಅಂಗಳ ಗುಡಿಸುತ್ತಿದ್ದವಳು ಪೊರಕೆ ಎಸೆದು ಚಾಪೆಯ ಮೇಲೆ ಬಿದ್ದುಕೊಂಡಳು. ಹೀಗೆ ನಟಿಸಲು ಬಾರದವರು ಮಾತ್ರ ನಿಜವಾಗಿ ಬೀಳುವ ತನಕ ಕಾಯಬೇಕಾಯಿತು.

ಗಾಣಿಗನ ಹೆಂಡತಿಗೆ ನಟಿಸಲು ಬರುತ್ತಿರಲಿಲ್ಲ. ಚೊಚ್ಚಲ ಬಸುರಿನಲ್ಲಿ ಅವಳಿಗೆ ತಲೆ ಸಿಡಿಯುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಗಂಡ ಹೋಗಿ ಪಾರುಪತ್ಯಗಾರನನ್ನು ಕರೆತಂದಾಗ ಅವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಬಂದವನಿಗೂ ಒಂದು ಬಿಸಿ ರೊಟ್ಟಿ ಕೊಟ್ಟಳು. ಅವನು ತಿಂದು, ಚೆನ್ನಾಗಿದೆ ಎಂದು ಹೊಗಳಿ, ಎದ್ದು ಓಡಾಡುವವರಿಗೆ ಕಟ್ಟಳೆಯಲ್ಲಿ ಅವಕಾಶವಿಲ್ಲವೆಂದು ಹೇಳಿ ಹೊರಟುಹೋದ. ವಾರ ತುಂಬುವ ಮೊದಲೇ ಅವಳು ಅದೇ ಒಲೆಯ ಮುಂದೆ ಕುಸಿದಳು. ಆಗ ನಿಧಿಯವರು ಹಿಂದೆಮುಂದೆ ನೋಡಲಿಲ್ಲ. ವೈದ್ಯ ಬಂದ, ಸೂಲಗಿತ್ತಿ ಬಂದಳು, ಬೇಕಾದ ಔಷಧಿಯೆಲ್ಲ ಬಂತು. ಹೆಂಡತಿ ಉಳಿದಳು. ಮಗು ಉಳಿಯಲಿಲ್ಲ.

ಗಾಣಿಗ ನಿಧಿಯನ್ನು ದೂರಲಿಲ್ಲ. ಹೆಂಡತಿಯನ್ನು ಉಳಿಸಿಕೊಟ್ಟದ್ದು ಅದೇ ಎಂಬ ಋಣ ಅವನಿಗೆ ನೆನಪಿತ್ತು, ತನ್ನ ಪಾಲನ್ನು ಎಂದೂ ತಪ್ಪಿಸಲಿಲ್ಲ. ಆದರೆ ಅವಳು ಮತ್ತೆ ಬಸುರಾದರೆ ಏನು ಗತಿ ಎಂಬ ಹೆದರಿಕೆ ಹೋಗಲಿಲ್ಲ. ಎತ್ತಿನ ಹಿಂದೆ ಸುತ್ತುತ್ತಿದ್ದಾಗಲೂ ಅದೇ ಚಿಂತೆ. ಕಡೆಗೊಂದು ದಿನ ವೈದ್ಯನ ಮನೆಗೇ ಹೋಗಿ ಕೇಳಿದ.

"ಬಿದ್ದ ಮೇಲೆ ಓಡಿ ಬರ್ತೀರಿ. ಬೀಳೋಕೆ ಮುಂಚೆ ಬರಬೇಕು ಅಂದ್ರೆ ನಾನೇನು ಮಾಡಬೇಕು, ವೈದ್ಯರೇ?"

ವೈದ್ಯನನ್ನು ಹಾಗೆ ಯಾರೂ ಕೇಳಿರಲಿಲ್ಲ. ನಿಧಿಯವರು ಕರೆದ ಕಡೆ ಓಡುವುದರಲ್ಲೇ ಅವನ ದಿನ ಮುಗಿಯುತ್ತಿತ್ತು. ರೋಗಿಯ ಮುಖಕ್ಕಿಂತ ಪಾರುಪತ್ಯಗಾರನ ಮುಖವನ್ನೇ ಅವನು ಹೆಚ್ಚು ನೋಡಿದ್ದ. ಸ್ವಲ್ಪ ಯೋಚಿಸಿ, ನನ್ನ ಮನೆಗೆ ಆಗುವಷ್ಟು ಎಣ್ಣೆ ಕೊಡು, ವಾರಕ್ಕೊಮ್ಮೆ ನಾನೇ ಬಂದು ಹೋಗುತ್ತೇನೆ, ನಮ್ಮ ನಡುವೆ ಮೂರನೆಯವರು ಬೇಡ ಎಂದ. ಸೋಮವಾರವೆಂದು ಗೊತ್ತುಮಾಡಿಕೊಂಡರು. ಸೋಮವಾರ ಬಸವನ ದಿನ, ಎತ್ತಿಗೆ ನೊಗ ಹೂಡುವಂತಿಲ್ಲ. ಗಾಣ ನಿಂತಿರುತ್ತದೆ, ಮನೆಯವರಿಗೆ ಕೂತು ಮಾತಾಡಲು ಬಿಡುವಿರುತ್ತದೆ.

ವೈದ್ಯ ಬಂದ. ಜಗಲಿಯ ಮೇಲೆ ಕೂತು ಎತ್ತಿನ ಕುಶಲ ವಿಚಾರಿಸಿದ, ಮಜ್ಜಿಗೆ ಕುಡಿದ. ಹೆಂಡತಿ ಗಿಂಡಿಗೆ ಎಣ್ಣೆ ಹೊಯ್ದುಕೊಟ್ಟಳು, ತೆಗೆದುಕೊಂಡು ಹೋದ. ಮರುವಾರವೂ ಅಷ್ಟೇ. ನಾಡಿ ಹಿಡಿಯಲಿಲ್ಲ, ಒಂದು ಚಿಟಿಕೆ ಪುಡಿ ಕೊಡಲಿಲ್ಲ. ಮಳೆಗಾಲ ಹೋಗಿ ಚಳಿಗಾಲ ಬಂತು, ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ನೆರೆಯವರು ನಕ್ಕರು. ಮಜ್ಜಿಗೆಯನ್ನೂ ಕುಡಿಸಿ, ಕುಡಿದದ್ದಕ್ಕೆ ಕೂಲಿಯನ್ನೂ ಕೊಡುವ ಪುಣ್ಯಾತ್ಮನನ್ನು ಇಲ್ಲೇ ಕಂಡೆವು ಎಂದರು. ಗಾಣಿಗನಿಗೂ ಒಳಗೊಳಗೇ ಹಾಗೆ ಅನ್ನಿಸತೊಡಗಿತು. ಹೆದರಿಕೆಯಲ್ಲಿ ಕೊಟ್ಟ ಮಾತು ಹೆದರಿಕೆ ಆರಿದ ಮೇಲೆ ಭಾರವಾಗುತ್ತದೆ. ಅವನೂ ಮನುಷ್ಯನೇ ತಾನೆ.

ಹೆಂಡತಿ ಮತ್ತೆ ಬಸುರಿಯಾದಳು. ಈ ಸಲ ತಲೆನೋವಿಲ್ಲ, ಕಣ್ಣು ಮಂಜಿಲ್ಲ, ಮುಖದಲ್ಲಿ ಕಳೆಯಿತ್ತು. ಏಳು ತಿಂಗಳು ತುಂಬಿದಾಗ ಗಾಣಿಗನಿಗೆ ಧೈರ್ಯ ಬಂತು. ಒಂದು ಸೋಮವಾರ ವೈದ್ಯ ಬಂದು ಕೂರುತ್ತಲೇ, ಇಷ್ಟು ದೂರ ಇನ್ನು ನಡೆದು ಬರಬೇಡಿ, ಎಣ್ಣೆಯನ್ನು ನಾನೇ ನಿಮ್ಮ ಮನೆಗೆ ಮುಟ್ಟಿಸುತ್ತೇನೆ ಎಂದು ನಯವಾಗಿ ಹೇಳಿದ. ಒಂದೆರಡು ಸಲ ಮುಟ್ಟಿಸಿ ಆಮೇಲೆ ಮರೆತುಬಿಡುವುದೆಂದು ಮನಸ್ಸಿನಲ್ಲಿತ್ತು. ವೈದ್ಯನಿಗೆ ಅದು ತಿಳಿಯದೆ ಇರಲಿಲ್ಲ. ಹಾಗೇ ಆಗಲಿ ಎಂದ.

ಅಷ್ಟರಲ್ಲಿ ಹೆಂಡತಿ ಬಂದು ಎಣ್ಣೆ ಹೊಯ್ಯತೊಡಗಿದಳು. ಗಿಂಡಿ ತುಂಬಿತು. ವೈದ್ಯ ಗಿಂಡಿಗೆ ಕೈ ಚಾಚಲಿಲ್ಲ, ಅವಳ ಮುಂಗೈಯನ್ನೇ ನೋಡುತ್ತಿದ್ದ.

"ತಾಯಿ, ಬಳೆ ಯಾವಾಗಿನಿಂದ ಹೀಗೆ ಕೈಗೆ ಕಚ್ಚಿಕೊಂಡಿವೆ?" ಎಂದ.

ಅವಳು ನಕ್ಕಳು. ಬಸುರಿಯ ಮೈ ತುಂಬಿಕೊಳ್ಳುವುದು ಇದ್ದದ್ದೇ, ಮೊನ್ನೆಯಿಂದ ಬಳೆ ಸರಿಯುತ್ತಿಲ್ಲ, ಅಷ್ಟೇ ಎಂದಳು. ವೈದ್ಯ ನಗಲಿಲ್ಲ. ಅವಳ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಒತ್ತಿದಲ್ಲಿ ಬಿದ್ದ ಗುಳಿ ಹಾಗೇ ನಿಂತಿತು. ಹೋದ ಸಲದ ಕಾಯಿಲೆಯೇ ಮತ್ತೆ ಬರುತ್ತಿದೆ, ಆದರೆ ಈ ಸಲ ಅದಕ್ಕಿಂತ ಮೊದಲು ನಾವು ಬಂದಿದ್ದೇವೆ ಎಂದು ಗಾಣಿಗನಿಗೆ ಹೇಳಿದ. ಆ ಗಳಿಗೆಯಿಂದಲೇ ಅವಳನ್ನು ಕೆಲಸ ಬಿಡಿಸಿ ಮಲಗಿಸಿದ. ಔಷಧಿ ಕೊಟ್ಟ. ಸೋಮವಾರಕ್ಕೆ ಕಾಯದೆ ದಿನವೂ ಬಂದು ನೋಡಿದ. ಸೂಲಗಿತ್ತಿಯನ್ನು ಮುಂಚಿತವಾಗಿಯೇ ಕರೆಸಿ ಮನೆಯಲ್ಲಿ ಇರಿಸಿದ. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಮಗು, ಅಂಗೈಯಗಲದ ಮೈ. ಆದರೂ ಪೇಟೆಯ ಆ ತುದಿಗೆ ಕೇಳುವಂತೆ ಅತ್ತಿತು. ತಾಯಿಯೂ ಕ್ಷೇಮ.

ಆ ಅಳು ಕೇಳಿ ಗಾಣಿಗ ಗಾಣದ ಕಲ್ಲು ಹಿಡಿದುಕೊಂಡು ತಾನೂ ಅತ್ತ. ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವನಿಗೆ ತೋಚಲಿಲ್ಲ. ವೈದ್ಯನ ಎದುರು ಕೈಮುಗಿದು, ಬರಬೇಡಿ ಎಂದ ನನ್ನ ಮನೆಗೆ ಬೆಳಕು ಕೊಟ್ಟಿರಿ, ಈ ಉಪಕಾರಕ್ಕೆ ಎಷ್ಟು ಎಣ್ಣೆ ಹೊಯ್ದರೂ ಸಾಲದು ಎಂದ. ವೈದ್ಯ ಅವನ ಕೈ ಹಿಡಿದುಕೊಂಡ. ಬಿದ್ದವರನ್ನು ಎತ್ತಿ ಎತ್ತಿ ನಾನೂ ಸೋತಿದ್ದೆ, ಎದ್ದು ಓಡಾಡುವವರ ಮನೆಯಲ್ಲಿ ಕೂತು ಮಜ್ಜಿಗೆ ಕುಡಿಯುವ ಭಾಗ್ಯವನ್ನು ಈ ಪೇಟೆಯಲ್ಲಿ ನನಗೆ ಕೊಟ್ಟವನು ನೀನೊಬ್ಬನೇ, ನಾನೇ ನಿನಗೆ ಋಣಿ ಎಂದ. ಆಮೇಲಿನ ಸೋಮವಾರಗಳಲ್ಲಿ ಆ ಜಗಲಿಗೆ ನೆರೆಯವರೂ ಬಂದು ಕೂರತೊಡಗಿದರು. ನಗುವುದಕ್ಕಲ್ಲ, ವೈದ್ಯನನ್ನು ತಮ್ಮ ಮನೆಗೂ ಕರೆಯುವುದಕ್ಕೆ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮನಸ್ಸು ಕರಗಿತ್ತು, ಆದರೆ ಉಗ್ರಾಣದವನ ಬುದ್ಧಿ ಬಿಡಲಿಲ್ಲ.

"ಬಳೆ ಕಂಡ ಆ ಒಂದು ಸೋಮವಾರದ ಎಣ್ಣೆ ಸಾರ್ಥಕವಾಯಿತು, ಒಪ್ಪಿದೆ ಗುರುಗಳೇ. ಅದಕ್ಕೆ ಮುಂಚೆ ಸುಮ್ಮನೆ ಬಂದುಹೋದ ಸೋಮವಾರಗಳ ಎಣ್ಣೆಯೆಲ್ಲ ವ್ಯರ್ಥವೇ ಅಲ್ಲವೇ?" ಎಂದ.

ಗುರುಗಳು ಹೇಳಿದರು, "ಆ ಬಳೆ ಸಡಿಲವಾಗಿ ಆಡುತ್ತಿದ್ದುದನ್ನು ಕಾಣದವನಿಗೆ, ಅದು ಬಿಗಿದದ್ದು ಕಾಣುತ್ತಿತ್ತೇನಪ್ಪಾ?"