ಕರಣಿಕನ ಅಮಾವಾಸ್ಯೆ

"ಗುರುಗಳೇ, ಈ ಏಳರಲ್ಲಿ ಯಾವುದನ್ನು ಮೊದಲು ಶುರು ಮಾಡಲಿ?" ಎಂದು ಪಂಪಾಪತಿ ಕೇಳಿದ.

ಅವನು ಇಂಟರ್‌ನೆಟ್ ನೋಂದಣಿ ಸಂಸ್ಥೆಯೊಂದರ ಹೊಸ ಮುಖ್ಯಸ್ಥ. ಇಂಟರ್‌ನೆಟ್ಟಿಗೆ ಸೇರುವ ಯಂತ್ರಗಳಿಗೆ ಸಂಖ್ಯೆ ಬೇಕು. ಯಾವ ಸಂಖ್ಯೆ ಯಾರದು ಎಂದು ಬರೆದಿಡುವುದು ಆ ಸಂಸ್ಥೆಯ ಕೆಲಸ. ಸಂಖ್ಯೆ ಪಡೆದವರೆಲ್ಲ ಅದರ ಸದಸ್ಯರು. ಅವರು ವರ್ಷಕ್ಕೊಮ್ಮೆ ಕೊಡುವ ಶುಲ್ಕದಿಂದಲೇ ಸಂಸ್ಥೆ ನಡೆಯುತ್ತದೆ. ಬರುವ ವರ್ಷದ ಯೋಜನೆಯನ್ನೂ ಬಜೆಟ್ಟನ್ನೂ ಸದಸ್ಯರ ಸಭೆಯ ಮುಂದಿಡುವ ಮೊದಲು ಅವನು ಗುರುಗಳ ಬಳಿಗೆ ತಂದಿದ್ದ. ಏಳು ಪುಟ, ಪುಟಕ್ಕೊಂದು ಹೊಸ ಸೇವೆ.

ಗುರುಗಳು ಕನ್ನಡಕ ಹಾಕಿಕೊಂಡು ಏಳು ಪುಟಗಳನ್ನೂ ಓದಿದರು. "ಇಷ್ಟನ್ನೆಲ್ಲ ಮಾಡುವವರು ಯಾರಪ್ಪ?" ಎಂದರು.

"ಹೊಸಬರು ಒಬ್ಬರೂ ಬೇಡ ಗುರುಗಳೇ, ಶುಲ್ಕವೂ ಏರುವುದಿಲ್ಲ. ನೋಂದಣಿ ಪಟ್ಟಿ ನೋಡಿಕೊಳ್ಳುವವರು ಇಬ್ಬರಿದ್ದಾರೆ. ದಿನವಿಡೀ ಸದಸ್ಯರಿಗೆ ಫೋನ್ ಮಾಡಿ, ಈ ಸಂಖ್ಯೆ ಇನ್ನೂ ನಿಮ್ಮ ಹತ್ತಿರವೇ ಇದೆಯಾ ಅಂತ ಕೇಳುತ್ತಾರೆ. ಎಲ್ಲರೂ ಇದೆ ಅನ್ನುತ್ತಾರೆ. ಆ ಇಬ್ಬರನ್ನೇ ಇದಕ್ಕೆ ಹಾಕುತ್ತೇನೆ."

ಗುರುಗಳು ಕಾಗದಗಳನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. "ಇನ್ನೂ ಸ್ವಲ್ಪ ಹೊತ್ತು ಕೂತುಕೋ. ನಿನ್ನ ಸಭೆ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಈ ಕತೆ ಹೇಳಿದರು.

ಮೂರು ದಾರಿ ಕೂಡುವಲ್ಲಿ ಒಂದು ಪೇಟೆಯಿತ್ತು. ವರ್ತಕರ ಮೂಟೆಗಳು ಅಲ್ಲಿಂದ ಎತ್ತುಗಳ ಮೇಲೆ ಬಂದರಿಗೆ ಹೋಗುತ್ತಿದ್ದವು. ಮೂಟೆಗೆ ಬಾಯಿಯಿಲ್ಲವಲ್ಲ, ನನ್ನದು ನಿನ್ನದು ಎಂಬ ಜಗಳ ತಪ್ಪುತ್ತಿರಲಿಲ್ಲ. ಕೊನೆಗೆ ವರ್ತಕರೇ ಕೂಡಿ, ತಲೆಗಿಷ್ಟು ವಂತಿಗೆ ಹಾಕಿ, ಗುರುತಿನ ಚಾವಡಿ ಎಂದು ಒಂದನ್ನು ಕಟ್ಟಿಕೊಂಡರು. ಚಾವಡಿ ಪ್ರತಿಯೊಬ್ಬ ವರ್ತಕನಿಗೂ ಒಂದು ಗುರುತು ಕೊಡುತ್ತಿತ್ತು. ಒಂದರಂತೆ ಇನ್ನೊಂದಿರುತ್ತಿರಲಿಲ್ಲ. ಯಾವ ಗುರುತು ಯಾರದು ಎಂದು ಕಡತದಲ್ಲಿ ಬರೆಯುತ್ತಿದ್ದರು. ಅದರ ಪ್ರತಿ ಬಂದರಿನಲ್ಲೂ ಇತ್ತು. ಬಂದರಿನವರು ಮುಖ ನೋಡಿ ಮೂಟೆ ಬಿಡುತ್ತಿರಲಿಲ್ಲ, ಕಡತ ನೋಡಿ ಬಿಡುತ್ತಿದ್ದರು.

ಕಡತ ಬರೆಯುವವನು ಒಬ್ಬ ಮುದಿ ಕರಣಿಕ. ಅಮಾವಾಸ್ಯೆಯಂದು ಯಾರೂ ಪ್ರಯಾಣ ಹೊರಡುವುದಿಲ್ಲ. ವರ್ತಕರೆಲ್ಲ ಊರಿನಲ್ಲೇ ಸಿಗುತ್ತಾರೆ. ಆದ್ದರಿಂದ ಪ್ರತಿ ಅಮಾವಾಸ್ಯೆ ಅವನು ಕಡತವನ್ನು ಕಂಕುಳಲ್ಲಿಟ್ಟುಕೊಂಡು ಬೀದಿ ಬೀದಿ ತಿರುಗುತ್ತಿದ್ದ. ಒಂದೊಂದು ಮಳಿಗೆಯ ಮುಂದೆಯೂ ನಿಂತು ಅಲ್ಲಿಯ ಗುರುತನ್ನು ಕೂಗುತ್ತಿದ್ದ. ಒಳಗಿನಿಂದ "ಇದ್ದೀನಿ" ಎಂದು ಉತ್ತರ ಬರುತ್ತಿತ್ತು. ಕಡತದಲ್ಲಿ ಒಂದು ಚುಕ್ಕೆಯಿಟ್ಟು ಮುಂದಕ್ಕೆ ಹೋಗುತ್ತಿದ್ದ. ಸಂಜೆಯ ಹೊತ್ತಿಗೆ ಅವನ ಕಾಲು ಬಾತಿರುತ್ತಿತ್ತು. ಕಡತದಲ್ಲಿ ಹೆಚ್ಚಿನ ಸಲ ಒಂದು ಹೆಸರೂ ಬದಲಾಗಿರುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ, ಅದೂ ಒಂದು ಕೆಲಸವೆಂದು ಯಾರಿಗೂ ಅನ್ನಿಸಲಿಲ್ಲ.

ಚಾವಡಿಗೆ ಹೊಸ ಯಜಮಾನ ಬಂದ. ಒಳ್ಳೆಯವನು, ಹುರುಪಿನವನು. ವರ್ಷದ ಸಭೆಯಲ್ಲಿ, ನಿಮಗೆ ಇನ್ನೇನು ಬೇಕು ಎಂದು ವರ್ತಕರನ್ನೇ ಕೇಳಿದ. ಒಬ್ಬ, ಬಂದರಿನ ಧಾರಣೆಯನ್ನು ದಿನವೂ ಡಂಗುರ ಹೊಡೆಸಿ ಎಂದ. ಇನ್ನೊಬ್ಬ, ಮೂಟೆಗೆ ಗುರುತು ಬರೆಯುವುದನ್ನೂ ಚಾವಡಿಯೇ ಮಾಡಲಿ ಎಂದ. ಎರಡಕ್ಕೂ ಸಭೆಗೆ ಸಭೆಯೇ ಕೈ ಎತ್ತಿತು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ.

ಯಜಮಾನ ಖರ್ಚಿನ ಅಂದಾಜು ಮಾಡಿದ. ಎರಡು ಮಡಕೆ ಬಣ್ಣ, ಒಂದು ಡಂಗುರ. ಆಳು ಹೇಗೂ ಇದ್ದ. ಕರಣಿಕನನ್ನು ಕರೆದು, ದಿನವೂ ಬೆಳಿಗ್ಗೆ ಧಾರಣೆ ಕೂಗಬೇಕು, ಮರುದಿನ ಹೊರಡುವ ಮೂಟೆಗಳಿಗೆ ಅಮಾವಾಸ್ಯೆಯಂದು ಬಣ್ಣ ಬಳಿಯಬೇಕು ಎಂದ.

"ಅಮಾವಾಸ್ಯೆಗೆ ನಾನು ಗುರುತು ಕೂಗೋಕೆ ಹೋಗ್ಬೇಕಲ್ಲ ಯಜಮಾನ್ರೇ" ಎಂದ ಕರಣಿಕ.

"ಹೋಗ್ತೀರಿ, ಇದ್ದೀನಿ ಅಂತಾರೆ, ಬರ್ತೀರಿ. ಇಷ್ಟು ವರ್ಷ ಸುತ್ತಿದ್ರಲ್ಲ, ಅದರಿಂದ ಏನಾಯ್ತು ಹೇಳಿ ನೋಡೋಣ."

ಕರಣಿಕ ಯೋಚಿಸಿದ. ನಿಜಕ್ಕೂ ಏನೂ ಆಗಿರಲಿಲ್ಲ. ಸುಮ್ಮನೆ ಡಂಗುರ ಎತ್ತಿಕೊಂಡ.

ಪೇಟೆ ಯಜಮಾನನನ್ನು ಹೊಗಳಿತು. ದೊಡ್ಡ ವರ್ತಕರ ಮೂಟೆಗಳಿಗೆ ಬಣ್ಣ ಬಳಿಯುವುದಕ್ಕೇ ಕರಣಿಕನಿಗೆ ಅಮಾವಾಸ್ಯೆ ಸಾಲುತ್ತಿರಲಿಲ್ಲ. ಹಿಂದಿನ ಬೀದಿಗಳ ಕಡೆ ಅವನು ತಲೆ ಹಾಕಿ ತಿಂಗಳುಗಳಾದವು.

ಹಿಂದಿನ ಬೀದಿಯಲ್ಲಿ ಅರಿಸಿನದ ವರ್ತಕನೊಬ್ಬನಿದ್ದ. ಅವನ ಗುರುತು ಜೋಡಿ ಮಾವಿನೆಲೆ. ಅವನು ತೀರಿಕೊಂಡ. ಹೆಂಡತಿ ವ್ಯಾಪಾರ ಬಿಡಲಿಲ್ಲ. ಅದೇ ಗುರುತಿನಲ್ಲಿ, ಮೂಟೆಗೆ ತನ್ನ ಕೈಯಾರೆ ಎಲೆ ಬರೆದುಕೊಂಡು ನಡೆಸಿದಳು. ಕರಣಿಕನ ಕಿವಿಗೆ ಬಿದ್ದದ್ದು ಸಾವಿನ ಸುದ್ದಿ ಮಾತ್ರ. ಪರವೂರಿನ ವರ್ತಕನೊಬ್ಬ ಗುರುತು ಬೇಕೆಂದು ಬಂದಾಗ, ಬಣ್ಣದ ಕೈಯಲ್ಲೇ ಕಡತ ಬಿಚ್ಚಿ ಸತ್ತವನ ಹೆಸರಿನ ಮೇಲೆ ಗೆರೆ ಎಳೆದ. ಅದೇ ಮಾವಿನೆಲೆಯ ಪಕ್ಕದಲ್ಲಿ ಹೊಸಬನ ಹೆಸರು ಬರೆದ. ಬಂದರಿನ ಪ್ರತಿಯಲ್ಲೂ ಹಾಗೆಯೇ ತಿದ್ದಿಸಿದರು.

ಆ ವರ್ಷ ಅವಳು ನಲವತ್ತು ಮೂಟೆ ಅರಿಸಿನ ಕಳಿಸಿದಳು. ಅವಳಿಗಿದ್ದದ್ದೇ ಅಷ್ಟು. ಬಂದರಿನವರು ಎಲೆ ನೋಡಿದರು, ಕಡತ ನೋಡಿದರು, ಮೂಟೆಗಳನ್ನು ಹೊಸಬನ ಆಳುಗಳಿಗೆ ಬಿಟ್ಟರು. ಆಳುಗಳು ಅವನ ಸರಕಿನ ಜೊತೆ ಅವನ್ನೂ ಹಡಗಿಗೆ ಏರಿಸಿದರು. ಹಡಗು ಹೋಯಿತು.

ಅವಳು ಚಾವಡಿಗೆ ಬಂದಳು. ಯಜಮಾನ ಎದ್ದು ನಿಂತು ಕಡತ ತೋರಿಸಿದ. "ಮಾವಿನೆಲೆಯವರು ಹೋದರು ಅಂತ ಬರೆದಿದೆಯಲ್ಲ ತಾಯಿ" ಎಂದ.

"ಹೋದೋರು ಅವರು. ನಾನು ಇದ್ದೀನಲ್ಲ" ಎಂದಳು ಅವಳು. "ಅಮಾವಾಸ್ಯೆಗೆ ಬಾಗಿಲಲ್ಲಿ ನಿಂತು ಕೂಗಿದ್ರೆ, ಇದ್ದೀನಿ ಅಂತಿದ್ದೆ. ಎಂಟು ಅಮಾವಾಸ್ಯೆ ಕಿವಿ ಕೊಟ್ಟು ಕೂತಿದ್ದೆ. ಯಾರೂ ಕೂಗಲಿಲ್ಲ."

ಯಜಮಾನ ಕರಣಿಕನ ಮುಖ ನೋಡಿದ. ಕರಣಿಕ ತನ್ನ ಬಣ್ಣದ ಕೈಗಳನ್ನು ನೋಡಿಕೊಂಡ. ಬಂದರಿನಲ್ಲಿ ಅರಿಸಿನದ ಧಾರಣೆ ಏರಿದೆ ಎಂದು ಅಂದು ಬೆಳಿಗ್ಗೆ ಅವನೇ ಡಂಗುರ ಹೊಡೆದಿದ್ದ.

ಅವಳ ಮಳಿಗೆ ಮುಚ್ಚಿತು. ಮರುದಿನದಿಂದ ವರ್ತಕರು ಮೂಟೆಗಳ ಜೊತೆ ಕಾವಲಿಗೆ ತಮ್ಮ ತಮ್ಮ ಆಳುಗಳನ್ನು ಕಳಿಸತೊಡಗಿದರು. ಡಂಗುರವನ್ನು ಎಲ್ಲರೂ ಕೇಳುತ್ತಿದ್ದರು, ಕಡತವನ್ನು ಯಾರೂ ನಂಬುತ್ತಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ಪಂಪಾಪತಿಗೆ ಬೇಸರವಾಗಿತ್ತು. "ಹಾಗಾದರೆ ಹೊಸದೇನನ್ನೂ ಮಾಡಲೇಬಾರದೇ ಗುರುಗಳೇ? ಇವೆಲ್ಲ ಸದಸ್ಯರೇ ಕೇಳಿದ್ದು" ಎಂದ.

ಗುರುಗಳು ಕಾಗದಗಳನ್ನು ಅವನ ಕೈಗೆ ಹಿಂದಿರುಗಿಸಿದರು.

"ಏಳನ್ನೂ ಮಾಡಪ್ಪ. ಆದರೆ ಸದಸ್ಯರು ಇಲ್ಲಿಯವರೆಗೆ ಶುಲ್ಕ ಕೊಟ್ಟದ್ದು ಯಾವ ಕೆಲಸಕ್ಕೋ ಅದು ಇದರಲ್ಲಿ ಎಷ್ಟನೆಯ ಪುಟ, ಅಷ್ಟು ತೋರಿಸಿ ಹೋಗು."

ಪಂಪಾಪತಿ ಪುಟಗಳನ್ನು ತಿರುವಿದ. ಮತ್ತೆ ಮೊದಲಿನಿಂದ ತಿರುವಿದ.